ಮೇನು, ಕ್ರಾಸು ಮತ್ತು ಕಾಂಪೌಂಡ್ ಗೋಡೆ

ನಮ್ಮ ಚಿಕ್ಕಮ್ಮ ಇರುವುದು ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ, ಒಂದು ಅಪಾರ್ಟ್‌ಮೆಂಟಿನ 4ನೇ ಮಹಡಿಯಲ್ಲಿ. ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಒಂದು ಮೆಡಿಕಲ್ ಶಾಪಿನ ಹಸಿರು ಬೋರ್ಡು. ಕನ್ನಡಕ ಇಲ್ಲದೆಯೂ ಅಕ್ಷರ ಓದಬಹುದು, ಅಷ್ಟು ಹತ್ತಿರ. ಒಂದು ರಾತ್ರಿ ಅವರಿಗೆ ಹಲ್ಲುನೋವು ಜಾಸ್ತಿಯಾಯಿತು. ಮಾತ್ರೆ ತರಲು ನಾನು ಹೊರಟೆ. ಲಿಫ್ಟ್ ಇಳಿದು ಗೇಟು ದಾಟಿ ಎಡಕ್ಕೆ ಹೋದೆ. ಮುಖ್ಯರಸ್ತೆ ಬಂತು. ಅಲ್ಲಿ ಮತ್ತೆ ಎಡಕ್ಕೆ, ಪೆಟ್ರೋಲ್ ಬಂಕಿನವರೆಗೆ. ಇನ್ನೊಂದು ಒಳರಸ್ತೆ ಹಿಡಿದು ಆ ಅಂಗಡಿ ಮುಟ್ಟುವ ಹೊತ್ತಿಗೆ ಫೋನು 1.6 ಕಿಲೋಮೀಟರ್ ತೋರಿಸುತ್ತಿತ್ತು. ಬಾಲ್ಕನಿಗೂ ಆ ಅಂಗಡಿಗೂ ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ, ಒಂದು ಖಾಲಿ ಸೈಟು. ಅರವತ್ತು ಮೀಟರ್ ಇರಬಹುದು.

ಮಾತ್ರೆ ಸಿಕ್ಕಿತು, ಹಲ್ಲುನೋವೂ ಹೋಯಿತು. ಆದರೆ ಈ 60 ಮೀಟರ್ 1,600 ಮೀಟರ್ ಆಗಿದ್ದು ಹೇಗೆ ಅನ್ನುವ ಪ್ರಶ್ನೆ ತಲೆಯಲ್ಲೇ ಉಳಿಯಿತು. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಹೀಗೆ ಆಗುವುದಿಲ್ಲ ಅಲ್ವಾ? ಅಲ್ಲಿನವರಿಗೆ ಬುದ್ಧಿ ಜಾಸ್ತಿ ಅಂತಲ್ಲ. ಆ ಬಡಾವಣೆಗಳ ಹಿಂದಿನ ಲೆಕ್ಕವೇ ಬೇರೆ. ನಗರ ಯೋಜನೆಯ ಸಿದ್ಧಾಂತ ಅಂದರೆ ದಪ್ಪ ಪುಸ್ತಕ, ಬಣ್ಣಬಣ್ಣದ ನಕ್ಷೆ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಜನ ಹೇಗೆ ಬದುಕುತ್ತಾರೆ ಅನ್ನುವ ಬಗ್ಗೆ ಒಬ್ಬರು ಕಟ್ಟಿದ ಅಂದಾಜು. ನಕ್ಷೆಯ ಒಂದೊಂದು ಗೆರೆಯ ಕೆಳಗೂ ಅಂಥ ಒಂದು ಅಂದಾಜು ಇರುತ್ತದೆ.

ಲೆಕ್ಕದಿಂದಲೇ ಶುರು ಮಾಡೋಣ. ರಂಗೋಲಿ ಇಡುವ ಹಾಗೆ ಸಾಲಿಗೆ 4 ಚುಕ್ಕಿಯಂತೆ 4 ಸಾಲು ಇಡಿ. ಚುಕ್ಕಿಗಳನ್ನು ಅಡ್ಡಕ್ಕೂ ಉದ್ದಕ್ಕೂ ಗೆರೆಯಿಂದ ಸೇರಿಸಿ. ಉದ್ದದ ಗೆರೆ ಮೇನು, ಅಡ್ಡ ಗೆರೆ ಕ್ರಾಸು, ಚುಕ್ಕಿ ಅಂದರೆ ಸರ್ಕಲ್. ಈಗ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಹೋಗಬೇಕು. ಸುತ್ತಿ ಬಳಸದೆ, ಬಲಕ್ಕೆ ಇಲ್ಲವೇ ಕೆಳಕ್ಕೆ ಮಾತ್ರ ನಡೆದು ಹೋಗಲು ಎಷ್ಟು ದಾರಿ ಇವೆ? ಮೇಲಿನ ಸಾಲಿನ ಮತ್ತು ಎಡಸಾಲಿನ ಎಲ್ಲ ಚುಕ್ಕಿಗೂ 1 ಅಂತ ಬರೆಯಿರಿ. ಉಳಿದ ಒಂದೊಂದು ಚುಕ್ಕಿಗೂ ಅದರ ಎಡಗಡೆಯ ಸಂಖ್ಯೆ ಮತ್ತು ಮೇಲಿನ ಸಂಖ್ಯೆ ಕೂಡಿಸಿ ಬರೆಯುತ್ತಾ ಹೋಗಿ. ಎರಡನೇ ಸಾಲು 1, 2, 3, 4. ಮೂರನೆಯದು 1, 3, 6, 10. ಕೊನೆಯದು 1, 4, 10, 20. ಅಂದರೆ 20 ದಾರಿ, ಎಲ್ಲವೂ ಒಂದೇ ಉದ್ದದವು.

ಈಗ ಹೊರಡುವ, ತಲುಪುವ ಮೂಲೆ ಬಿಟ್ಟು ನಡುವಿನ ಯಾವುದಾದರೂ ಒಂದು ಚುಕ್ಕಿ ಅಳಿಸಿ. ಅಲ್ಲಿ ಪೈಪ್ ಒಡೆದು ರಸ್ತೆ ಅಗೆದಿದ್ದಾರೆ ಅಂದುಕೊಳ್ಳಿ. ಯಾವ ಚುಕ್ಕಿ ಅಳಿಸಿದರೂ ಕಡಿಮೆ ಅಂದರೆ 8 ದಾರಿ ಉಳಿಯುತ್ತವೆ. ನಡೆಯುವವರಿಗೆ ಒಂದು ಹೆಜ್ಜೆಯೂ ಹೆಚ್ಚಾಗುವುದಿಲ್ಲ. ಮಲ್ಲೇಶ್ವರದಲ್ಲಿ ಗಣಪತಿ ಪೆಂಡಾಲ್ ಹಾಕಿ ಒಂದು ಕ್ರಾಸು ಮುಚ್ಚಿದರೆ ಜನ ಗೊಣಗದೆ ಪಕ್ಕದ ಕ್ರಾಸಿನಲ್ಲಿ ಹೋಗುವುದು ಇದಕ್ಕೇ.

ಚಿಕ್ಕಮ್ಮನ ಏರಿಯಾದ ಚಿತ್ರ ಬಿಡಿಸಿದರೆ ಬರುವುದು ಮರ. ಮುಖ್ಯರಸ್ತೆ ಕಾಂಡ, ಒಳರಸ್ತೆಗಳು ಕೊಂಬೆ, ಅಪಾರ್ಟ್‌ಮೆಂಟುಗಳು ಎಲೆ. ಒಂದು ಎಲೆಯಿಂದ ಪಕ್ಕದ ಕೊಂಬೆಯ ಎಲೆಗೆ ಹೋಗಲು ಇರುವುದು ಒಂದೇ ದಾರಿ. ಮೊದಲು ಕಾಂಡಕ್ಕೆ ಇಳಿಯಬೇಕು, ಆಮೇಲೆ ಹತ್ತಬೇಕು. ಮಳೆಗೆ ಕಾಂಡದ ಮೇಲೆ ಮೊಣಕಾಲುದ್ದ ನೀರು ನಿಂತರೆ ಮರದ ಎಲೆಗಳೆಲ್ಲ ಮನೆಯಲ್ಲೇ. ಹಾಲು ತರಲು ಹೊರಟವರೂ ವಿಮಾನ ಹಿಡಿಯಲು ಹೊರಟವರೂ ಒಂದೇ ರಸ್ತೆಯಲ್ಲಿ ಹಾರ್ನ್ ಹಾಕುತ್ತಾ ನಿಲ್ಲುತ್ತಾರೆ.

ಈ ಮರದ ಹೋಲಿಕೆ ನನ್ನದಲ್ಲ. ಗಣಿತ ಓದಿ ವಾಸ್ತುಶಿಲ್ಪಕ್ಕೆ ಬಂದ ಕ್ರಿಸ್ಟೋಫರ್ ಅಲೆಕ್ಸಾಂಡರ್ 1965ರಲ್ಲಿ ಬರೆದ ಒಂದು ಲೇಖನದ ಹೆಸರೇ ‘ನಗರವೆಂದರೆ ಮರವಲ್ಲ’. ತಾನಾಗಿ ಬೆಳೆದ ಊರುಗಳಲ್ಲಿ ಒಂದೇ ಜಾಗ ಹಲವು ಗುಂಪುಗಳಿಗೆ ಸೇರಿರುತ್ತದೆ, ಯೋಜನೆ ಹಾಕಿ ಕಟ್ಟಿದ ಊರುಗಳಲ್ಲಿ ಒಂದು ಜಾಗ ಒಂದೇ ಗುಂಪಿಗೆ ಸೇರುತ್ತದೆ ಅನ್ನುವುದು ಅವರ ವಾದ. ಒಂದು ಬಸ್ ಸ್ಟಾಪ್ ನೆನೆಸಿಕೊಳ್ಳಿ. ಪಕ್ಕದಲ್ಲೇ ಹೂವಿನವರು ಕೂತಿದ್ದಾರೆ, ಹಿಂದೆ ಟೀ ಅಂಗಡಿ, ಎದುರಿಗೆ ದೇವಸ್ಥಾನ. ಬಸ್ಸು ತಡವಾಗಿದ್ದಕ್ಕೆ ಟೀ ಕುಡಿದವರು, ದೇವಸ್ಥಾನಕ್ಕೆ ಬಂದು ಹೂವು ಕೊಂಡವರು, ಹೂವು ಕೊಳ್ಳಲು ನಿಂತು ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಅಲ್ಲೇ. ಆ ಜಾಗ ಸಾರಿಗೆಯದೋ ವ್ಯಾಪಾರದ್ದೋ ಧರ್ಮದ್ದೋ? ನಕ್ಷೆಯಲ್ಲಿ ಅದಕ್ಕೆ ಯಾವ ಬಣ್ಣ ಹಚ್ಚುತ್ತೀರಿ? ಬಣ್ಣ ಹಚ್ಚಲೇಬೇಕು ಅಂತ ಕೂತಾಗ ಯೋಜಕರು ಬಸ್ಸನ್ನು ಒಂದು ಕಡೆ, ಹೂವನ್ನು ಇನ್ನೊಂದು ಕಡೆ ಇಡುತ್ತಾರೆ. ಮರ ಹುಟ್ಟುವುದು ಅಲ್ಲಿಂದ.

ಕಟ್ಟಡದ ಮಾತು ಬಿಟ್ಟು ಬೀದಿಯ ಮಾತೇ ಯಾಕೆ ಅಂತ ಅನಿಸಬಹುದು. ಕಟ್ಟಡ 50 ವರ್ಷಕ್ಕೆ ಬೀಳುತ್ತದೆ, ಮಾಲೀಕರು 20 ವರ್ಷಕ್ಕೆ ಬದಲಾಗುತ್ತಾರೆ. ಬೀದಿ ಹಾಗಲ್ಲ. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದಾಗ ನಾಲ್ಕು ದಿಕ್ಕಿಗೆ ಎತ್ತು ಹೂಡಿ ನೇಗಿಲ ಗೆರೆ ಎಳೆಸಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಕಥೆ ಎಷ್ಟು ನಿಜವೋ, ಗೆರೆಯಂತೂ ನಿಜ. ಉತ್ತರ–ದಕ್ಷಿಣದ ದೊಡ್ಡಪೇಟೆ ಇವತ್ತಿನ ಅವೆನ್ಯೂ ರಸ್ತೆ. ಅದನ್ನು ಅಡ್ಡ ಹಾಯುವ ಚಿಕ್ಕಪೇಟೆ ಅದೇ ಹೆಸರಲ್ಲಿ ಅಲ್ಲೇ ಇದೆ. ಕೋಟೆ ಹೋಯಿತು, ಸುಲ್ತಾನರು ಬಂದು ಹೋದರು, ಬ್ರಿಟಿಷರು ಬಂದು ಹೋದರು, ಮೆಟ್ರೋ ಬಂತು. ರೇಷ್ಮೆ ಸೀರೆ ಕೊಳ್ಳಲು ಹೋದವರು ಇವತ್ತಿಗೂ ನಡೆಯುವುದು ಆ ಗೆರೆಯ ಮೇಲೇ.

ಬಾರ್ಸಿಲೋನಾದ್ದು ಇದೇ ಕಥೆಯ ಇನ್ನೊಂದು ರೂಪ. ಇಲ್ಡಿಫೋನ್ಸ್ ಸೆರ್ದಾ ಅನ್ನುವ ಎಂಜಿನಿಯರ್ ಹಳೇ ಊರಿನ ಗೋಡೆಯಾಚೆ ಹೊಸ ಬಡಾವಣೆಗೆ ನಕ್ಷೆ ಹಾಕಿದ. 1859ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಬ್ಲಾಕಿನ ಪಕ್ಕ ಸುಮಾರು 113 ಮೀಟರ್, ಬೀದಿಯ ಅಗಲ 20 ಮೀಟರ್. ಬ್ಲಾಕಿನ ನಾಲ್ಕೂ ಮೂಲೆ ಓರೆಯಾಗಿ ಕತ್ತರಿಸಿದ್ದು. ಮುಂದೊಂದು ದಿನ ಉಗಿಯಲ್ಲಿ ಓಡುವ ಗಾಡಿ ಬೀದಿಗೆ ಬರುತ್ತದೆ, ತಿರುಗಲು ಜಾಗ ಬೇಕು ಅನ್ನುವುದು ಅವನ ಲೆಕ್ಕ. ಬ್ಲಾಕಿನ ಎರಡು ಬದಿ ಮಾತ್ರ ಮನೆ, ನಡುವೆ ತೋಟ ಅಂತ ಬಿಡಿಸಿದ್ದ. ಸೈಟಿನ ಮಾಲೀಕರು ಬಿಟ್ಟಾರೆಯೇ? ನಾಲ್ಕೂ ಬದಿ ಕಟ್ಟಿದರು, ಎತ್ತರಿಸಿದರು, ತೋಟದ ಜಾಗಕ್ಕೆ ಕಾರ್ಖಾನೆ ಶೆಡ್ಡು ಹಾಕಿದರು. ತೋಟದ ಆಸೆ ಕರಗಿತು, ಬೀದಿ ಉಳಿಯಿತು. ಈಗ ಅದೇ ಊರಿನವರು ಕೆಲವು ಬ್ಲಾಕುಗಳನ್ನು ಗುಂಪು ಮಾಡಿ ಒಳಬೀದಿಗಳಲ್ಲಿ ಕಾರು ಕಡಿಮೆ ಮಾಡಿ ಬೆಂಚು, ಗಿಡ ಇಡುತ್ತಿದ್ದಾರೆ. ಸುತ್ತಲೂ ಬೇರೆ ದಾರಿ ಇರುವುದರಿಂದ ಅವರಿಗೆ ಈ ಧೈರ್ಯ. ಮರದಂಥ ಊರಿನಲ್ಲಿ ಕಾಂಡ ಮುಚ್ಚಿ ನೋಡಿ, ಗೊತ್ತಾಗುತ್ತದೆ.

ನಮ್ಮ ಮೇನು–ಕ್ರಾಸಿನ ಬಡಾವಣೆಗಳಿಗೆ ದೊಡ್ಡ ತಳ್ಳು ಕೊಟ್ಟದ್ದು ಕಾಯಿಲೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು, ಗಾಳಿ ಬೆಳಕಿಲ್ಲದ ಮನೆಗಳು ಎಲ್ಲರಿಗೂ ಭಯವಾದವು. ಆ ಆಸುಪಾಸಿನಲ್ಲೇ ಮಲ್ಲೇಶ್ವರ, ಬಸವನಗುಡಿ ತಲೆ ಎತ್ತಿದವು. ನೇರ ಬೀದಿ, ಮನೆ ಸುತ್ತ ಜಾಗ, ಹಿತ್ತಲ ಕಡೆಗೊಂದು ಕನ್ಸರ್ವೆನ್ಸಿ ಗಲ್ಲಿ. ಆ ಗಲ್ಲಿ ಮಲ ಹೊರುವವರು ಮುಂಬಾಗಿಲ ಬೀದಿಯಲ್ಲಿ ಕಾಣದೆ ಓಡಾಡಲಿ ಅಂತ ಮಾಡಿದ್ದು. ಚಂದದ ಬಡಾವಣೆ ಅಂತ ಹೊಗಳುವಾಗ ಇದನ್ನೂ ನೆನಪಿಡಬೇಕು. ಗಾಳಿ ಬೆಳಕಿನ ಜೊತೆ ಜಾತಿಯೂ ನಕ್ಷೆಯೊಳಗೆ ಬಂದಿತ್ತು.

ಅದೇ 1898ರಲ್ಲಿ ಲಂಡನ್ನಿನಲ್ಲಿ ಎಬೆನೆಜರ್ ಹೋವರ್ಡ್ ಅನ್ನುವವರು ಒಂದು ಪುಸ್ತಕ ಹೊರತಂದರು. ಎಂಜಿನಿಯರೂ ಅಲ್ಲ, ಆರ್ಕಿಟೆಕ್ಟೂ ಅಲ್ಲ. ಪಾರ್ಲಿಮೆಂಟಿನ ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸ. ಗಾರ್ಡನ್ ಸಿಟಿ ಅನ್ನುವ ಕಲ್ಪನೆ ಊರೂರು ಸುತ್ತಿದ್ದು ಅವರಿಂದ. ನಾವು ಅದನ್ನು ಲಾಲ್‌ಬಾಗ್, ಕಬ್ಬನ್ ಪಾರ್ಕು ಅಂತ ತಿಳಿದು ‘ಉದ್ಯಾನ ನಗರಿ’ ಅಂತ ಹೆಮ್ಮೆ ಪಡುತ್ತೇವೆ. ಹೋವರ್ಡರ ಮುಖ್ಯ ಮಾತು ಗಿಡದ್ದಲ್ಲ, ಜಮೀನಿನದು. ಅವರ ಲೆಕ್ಕ ಹೀಗಿತ್ತು: 6,000 ಎಕರೆ ಕೊಳ್ಳಿ. 1,000 ಎಕರೆಯಲ್ಲಿ ಊರು, ಸುತ್ತಲೂ 5,000 ಎಕರೆ ಹೊಲ. ಒಟ್ಟು 32,000 ಜನ. ಜಮೀನು ಯಾರ ಸ್ವಂತವೂ ಅಲ್ಲ, ಊರಿನ ಟ್ರಸ್ಟಿನದು. ಊರು ಬೆಳೆದ ಹಾಗೆ ಜಾಗದ ಬೆಲೆ ಏರುತ್ತದಲ್ಲ, ಆ ಏರಿಕೆ ಬಾಡಿಗೆಯಾಗಿ ಟ್ರಸ್ಟಿಗೇ ಬಂದು ಶಾಲೆ, ಆಸ್ಪತ್ರೆ, ವಯಸ್ಸಾದವರ ಪಿಂಚಣಿಗೆ ಖರ್ಚಾಗಬೇಕು. 1903ರಲ್ಲಿ ಲೆಚ್‌ವರ್ತ್ ಅನ್ನುವ ಊರು ಈ ಲೆಕ್ಕದಲ್ಲಿ ಶುರುವಾಯಿತು. ಪ್ರಪಂಚದ ಉಳಿದ ಊರುಗಳು ಹೋವರ್ಡರಿಂದ ಗಿಡ ತೆಗೆದುಕೊಂಡವು, ಲೆಕ್ಕ ಅಲ್ಲೇ ಬಿಟ್ಟವು. ನನಗೆ ಇದು ನಗರ ಯೋಜನೆಯ ಚರಿತ್ರೆಯಲ್ಲೇ ದೊಡ್ಡ ಜಾಣಮರೆವು ಅನಿಸುತ್ತದೆ.

ಇನ್ನು ಮರದ ಆಕಾರಕ್ಕೆ ಮರ್ಯಾದೆ ತಂದುಕೊಟ್ಟವರು ಕ್ಲಾರೆನ್ಸ್ ಪೆರಿ. 1920ರ ದಶಕದ ನ್ಯೂಯಾರ್ಕಿನಲ್ಲಿ ಕಾರು ಹೆಚ್ಚಾಗಿ ಮಕ್ಕಳು ರಸ್ತೆ ದಾಟುವುದೇ ಭಯವಾಗಿತ್ತು. ಪೆರಿ 1929ರಲ್ಲಿ ಮುಂದಿಟ್ಟ ‘ನೆರೆಹೊರೆ ಘಟಕ’ದ ನಡುವೆ ಒಂದು ಪ್ರಾಥಮಿಕ ಶಾಲೆ. ಆ ಶಾಲೆಗೆ ಸಾಕಾಗುವಷ್ಟು ಜನ. ಯಾವ ಮನೆಯಿಂದಲೂ ಸುಮಾರು 400 ಮೀಟರ್ ನಡಿಗೆ. ದೊಡ್ಡ ರಸ್ತೆಗಳು ಅಂಚಿನಲ್ಲಿ ಮಾತ್ರ, ಅಂಗಡಿಗಳು ಮೂಲೆಯಲ್ಲಿ. ಒಳಬೀದಿಗಳು ಹೇಗಿರಬೇಕೆಂದರೆ ಹೊರಗಿನ ಗಾಡಿಗಳಿಗೆ ಅಲ್ಲಿ ನುಗ್ಗಿ ಹೋಗಲು ಮನಸ್ಸೇ ಬರಬಾರದು. ಮಗುವಿನ ಕಣ್ಣಿಂದ ನೋಡಿದರೆ ತಪ್ಪೇನಿದೆ? ಈ ಐಡಿಯಾ ಭಾರತಕ್ಕೆ ಬಂದ ದಾರಿಯಲ್ಲಿ ನಮ್ಮ ರಾಜ್ಯದ ನಂಟೂ ಇದೆ. ಹಿಟ್ಲರನ ಜರ್ಮನಿ ಬಿಟ್ಟು ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಆರ್ಕಿಟೆಕ್ಟ್ ಆದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅವರು ಕಟ್ಟಿದ ಕಟ್ಟಡಗಳು ಇವೆ. ಮುಂದೆ ಭುವನೇಶ್ವರದ ನಕ್ಷೆಯನ್ನು ನೆರೆಹೊರೆ ಘಟಕಗಳ ಲೆಕ್ಕದಲ್ಲೇ ಹಾಕಿದರು. ಚಂಡೀಗಢದ ಸೆಕ್ಟರುಗಳೂ ಇದೇ ಜಾತಿಯವು. ಒಂದೊಂದು 800 ಮೀಟರಿಗೆ 1,200 ಮೀಟರ್, ಮುಖ ಒಳಗೆ, ಬೆನ್ನು ದೊಡ್ಡ ರಸ್ತೆಗೆ.

ಪೆರಿಯವರ ಘಟಕ ಒಳಗಿನವರಿಗೆ ಸುಖ, ನಿಜ. ಆದರೆ ಇಂಥ ನೂರು ಘಟಕ ಪಕ್ಕಪಕ್ಕ ಬಂದಾಗ ಏನಾಗುತ್ತದೆ? ಎಲ್ಲರ ಓಡಾಟವೂ ಅಂಚಿನ ರಸ್ತೆಗೆ ಬೀಳುತ್ತದೆ. ಚಂಡೀಗಢದಲ್ಲಿ ಅಂಚಿನ ರಸ್ತೆ ಅಗಲ, ಅದಕ್ಕೇ ತಡೆಯಿತು. ಘಟಕದ ಗೋಡೆ ಮಾತ್ರ ತಂದು ಅಂಚಿನ ರಸ್ತೆ ಮಾಡದೆ ಬಿಟ್ಟರೆ ಬರುವುದು ಚಿಕ್ಕಮ್ಮನ ಏರಿಯಾ.

ಇದಕ್ಕೆಲ್ಲ ಎದುರು ನಿಂತವರು ನ್ಯೂಯಾರ್ಕಿನ ಜೇನ್ ಜೇಕಬ್ಸ್. ಅವರೂ ಯೋಜಕಿ ಅಲ್ಲ, ಪತ್ರಕರ್ತೆ. 1961ರಲ್ಲಿ ಅವರು ಕೇಳಿದ್ದು ನಾಲ್ಕು. ಒಂದೇ ಬೀದಿಯಲ್ಲಿ ಬೇರೆ ಬೇರೆ ಕೆಲಸ ನಡೆಯಬೇಕು, ಬ್ಲಾಕು ಚಿಕ್ಕದಿರಬೇಕು, ಹಳೇ ಕಟ್ಟಡ ಹೊಸದು ಬೆರೆತಿರಬೇಕು, ಜನ ಸಾಕಷ್ಟು ದಟ್ಟವಾಗಿರಬೇಕು. ಹಳೇ ಕಟ್ಟಡ ಯಾಕೆ ಅಂದರೆ ಬಾಡಿಗೆ ಕಡಿಮೆ. ಹೊಸ ಮಾಲಿನಲ್ಲಿ ಚಪ್ಪಲಿ ಹೊಲಿಯುವವರಿಗೆ, ಹಿಟ್ಟಿನ ಗಿರಣಿಯವರಿಗೆ ಜಾಗ ಸಿಗುತ್ತದೆಯೇ? ಅಂಗಡಿಯವರು, ಕಿಟಕಿಯಲ್ಲಿ ಕೂತ ಅಜ್ಜಿ, ಓಡಾಡುವವರು ಇವರೆಲ್ಲರ ಕಣ್ಣೇ ಬೀದಿಯ ಕಾವಲು ಅನ್ನುವುದು ಅವರ ಇನ್ನೊಂದು ಮಾತು. ಎತ್ತರದ ಕಾಂಪೌಂಡ್ ಗೋಡೆಗೆ ಕಣ್ಣಿಲ್ಲ. ಅದರ ಪಕ್ಕದ ಫುಟ್‌ಪಾತಿನಲ್ಲಿ ರಾತ್ರಿ 9ಕ್ಕೆ ಒಬ್ಬರೇ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೇಕಬ್ಸ್ ಹೇಳಿದ್ದಕ್ಕೆ ಒಂದು ಕೊರತೆ ಇದೆ. ಅವರು ಮೆಚ್ಚಿದಂಥ ಬೀದಿ ಎಲ್ಲರಿಗೂ ಬೇಕಾಗುತ್ತದೆ, ಬೇಕಾದದ್ದು ದುಬಾರಿಯಾಗುತ್ತದೆ. ಅವರು ವಾಸವಿದ್ದ ಗ್ರೀನಿಚ್ ವಿಲೇಜಿನಲ್ಲಿ ಇವತ್ತು ಮನೆ ಹಿಡಿಯಬಲ್ಲವರು ಶ್ರೀಮಂತರು ಮಾತ್ರ.

ಜೇಕಬ್ಸ್ ಕಣ್ಣಿಂದ ಕಂಡದ್ದನ್ನು ಅಳೆಯಲು ಹೊರಟವರು ಲಂಡನ್ನಿನ ಬಿಲ್ ಹಿಲಿಯರ್. 1970ರ ದಶಕದಿಂದ ಅವರೂ ಅವರ ಜೊತೆಯವರೂ ಬೀದಿಗಳ ಜಾಲವನ್ನು ಮೀಟರಿನಲ್ಲಿ ಅಲ್ಲ, ತಿರುವುಗಳಲ್ಲಿ ಅಳೆದರು. ಊರಿನ ಎಲ್ಲ ಬೀದಿಗಳಿಂದ ಕಡಿಮೆ ತಿರುವಿನಲ್ಲಿ ಸಿಗುವ ಬೀದಿ ಯಾವುದು? ಜನ ಹೆಚ್ಚು ನಡೆಯುವುದು ಅಲ್ಲೇ ಅನ್ನುವುದು ಅವರಿಗೆ ಮತ್ತೆ ಮತ್ತೆ ಕಂಡಿತು. ಮಲ್ಲೇಶ್ವರದ ಸಂಪಿಗೆ ರಸ್ತೆ ನೋಡಿ. ಬಹಳಷ್ಟು ಕ್ರಾಸುಗಳಿಂದ ಒಂದು ತಿರುವು, ಹೆಚ್ಚೆಂದರೆ ಎರಡು. 8ನೇ ಕ್ರಾಸಿನ ಹತ್ತಿರ ಹಬ್ಬದ ಹಿಂದಿನ ದಿನ ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ ಕುಕ್ಕೆಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ಅಂಗಡಿ ಇರುವುದಕ್ಕೆ ಜನ ಬರುತ್ತಾರೆ ಅಂದುಕೊಳ್ಳುತ್ತೇವೆ. ಹಿಲಿಯರ್ ಪ್ರಕಾರ ಮೊದಲು ಬೀದಿಯ ಆಕಾರ, ಆಮೇಲೆ ಜನ, ಆಮೇಲೆ ಅಂಗಡಿ. ಅಂಗಡಿ ಬಂದ ಮೇಲೆ ಇನ್ನಷ್ಟು ಜನ. ಇದನ್ನು ಗಮನಿಸದೆ ಬಡಾವಣೆಯ ಒಳಮೂಲೆಯಲ್ಲಿ ಕಾಂಪ್ಲೆಕ್ಸು ಕಟ್ಟಿದರೆ ಅರ್ಧ ಶಟರು ಎಳೆದೇ ಇರುತ್ತವೆ. ಮುಖ್ಯರಸ್ತೆಯ ತಿರುವಿನಲ್ಲಿ ತಳ್ಳುಗಾಡಿಯವರು ಯಾರನ್ನೂ ಕೇಳದೆ ಸರಿಯಾದ ಜಾಗ ಹಿಡಿದಿರುತ್ತಾರೆ.

ನಡುವೆ, ಕಟ್ಟಡ ಎತ್ತರವಾದರೆ ಊರು ದಟ್ಟವಾಗುತ್ತದೆ ಅನ್ನುವ ಒಂದು ತಪ್ಪು ತಿಳಿವಳಿಕೆಯನ್ನೂ ಮುಗಿಸಿಬಿಡೋಣ. ಎಫ್‌ಎಆರ್ ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ. 30 ಅಡಿಗೆ 40 ಅಡಿಯ ಸೈಟು ಅಂದರೆ 1,200 ಚದರಡಿ. ಎಫ್‌ಎಆರ್ 2 ಅಂದರೆ ಎಲ್ಲ ಮಹಡಿ ಸೇರಿ 2,400 ಚದರಡಿ. ಇದನ್ನು ಸೈಟು ತುಂಬ 2 ಮಹಡಿಯಾಗಿ ಕಟ್ಟಬಹುದು, ಅರ್ಧ ಸೈಟಿನಲ್ಲಿ 4, ಕಾಲು ಸೈಟಿನಲ್ಲಿ 8. ಎತ್ತರ ಬೇರೆ, ದಟ್ಟಣೆ ಬೇರೆ. ಸುತ್ತ ಹುಲ್ಲುಹಾಸು ಬಿಟ್ಟ 20 ಮಹಡಿಯ ಗೋಪುರಕ್ಕಿಂತ ಮೂರೇ ಮಹಡಿಯ ಹಳೇ ಪೇಟೆ ದಟ್ಟವಾಗಿರಬಹುದು.

ಸರಿ, ಅರವತ್ತು ಮೀಟರಿಗೆ ವಾಪಸ್ಸು ಬರೋಣ. ಚಿಕ್ಕಮ್ಮನ ಏರಿಯಾಕ್ಕೆ ಯಾರೂ ಕೂತು ಮರದ ನಕ್ಷೆ ಹಾಕಲಿಲ್ಲ. ಅದು ಹೊಲದ ನಕ್ಷೆ. ಬೆಂಗಳೂರಿನ ಹೊರವಲಯದಲ್ಲಿ ಮಾರಾಟವಾದದ್ದು ಸರ್ವೆ ನಂಬರುಗಳು. ಒಬ್ಬರ 2 ಎಕರೆ, ಪಕ್ಕದವರ 1 ಎಕರೆ 10 ಗುಂಟೆ, ನಡುವೆ ಬದು. 2 ಎಕರೆ ಕೊಂಡವರು ಅದರೊಳಗೆ ರಸ್ತೆ ಮಾಡಿ ಸೈಟು ಹಾಕಿದರು. ಆ ರಸ್ತೆ ಹಳ್ಳಿಯ ಬಂಡಿದಾರಿಗೆ ಸೇರಿದರೆ ಅವರಿಗೆ ಸಾಕು. ಪಕ್ಕದ ಹೊಲಕ್ಕೆ ಸೇರಿಸಲು ತಮ್ಮ ಒಂದು ಸೈಟು ಕಳೆದುಕೊಳ್ಳಬೇಕು, ಯಾರಿಗೆ ಬೇಕು? ಪಕ್ಕದವರೂ ಹಾಗೇ ಮಾಡಿದರು. ಬದು ಇದ್ದಲ್ಲಿ ಕಾಂಪೌಂಡ್ ಗೋಡೆ ಎದ್ದಿತು. ಎತ್ತಿನ ಗಾಡಿ ರಾಗಿ ಹೊತ್ತು ಊರಿಗೆ ಬರುತ್ತಿದ್ದ ಬಂಡಿದಾರಿಗೆ ಡಾಂಬರು ಬಿದ್ದು ಅದೇ ಕಾಂಡವಾಯಿತು. ಒಬ್ಬೊಬ್ಬರ ಲೆಕ್ಕವೂ ಸರಿ. ಎಲ್ಲರದೂ ಕೂಡಿಸಿದಾಗ 1.6 ಕಿಲೋಮೀಟರ್.

ಇದಕ್ಕೆ ಮದ್ದು ಇದೆ, ಹಳೆಯದೇ. 1915ರ ಬಾಂಬೆ ಟೌನ್ ಪ್ಲಾನಿಂಗ್ ಕಾಯಿದೆಯಲ್ಲಿ ಬಂದ ಪದ್ಧತಿಯನ್ನು ಗುಜರಾತಿನವರು ಇವತ್ತಿಗೂ ಬಳಸುತ್ತಾರೆ. ಹತ್ತಾರು ರೈತರ ಹೊಲಗಳನ್ನು ಕಾಗದದ ಮೇಲೆ ಒಟ್ಟು ಮಾಡುತ್ತಾರೆ, ಇಸ್ಪೀಟ್ ಎಲೆ ಕಲಸಿದ ಹಾಗೆ. ಮೊದಲು ರಸ್ತೆ, ಪಾರ್ಕು, ಶಾಲೆಗೆ ಜಾಗ ಎಳೆದು ಉಳಿದದ್ದನ್ನು ಎಲ್ಲರಿಗೂ ಅವರವರ ಪಾಲಿನ ಪ್ರಕಾರ ಚೌಕಾಕಾರದ ಸೈಟಾಗಿ ವಾಪಸ್ಸು ಕೊಡುತ್ತಾರೆ. 100 ಗುಂಟೆ ಕೊಟ್ಟವರಿಗೆ 60 ಬಂತು ಅಂದುಕೊಳ್ಳಿ. ಆದರೆ ಈ 60ಕ್ಕೆ ರಸ್ತೆ ಇದೆ, ಚರಂಡಿ ಇದೆ, ಬೆಲೆ ಏರಿದೆ. ಆ ಏರಿಕೆಯಲ್ಲಿ ಒಂದು ಪಾಲನ್ನು ರಸ್ತೆ ಮಾಡಿದ ಖರ್ಚಿಗೆ ವಸೂಲು ಮಾಡುತ್ತಾರೆ. ಹೋವರ್ಡರ ಮರೆತ ಲೆಕ್ಕ ಇಲ್ಲಿ ಸ್ವಲ್ಪವಾದರೂ ಉಳಿದಿದೆ. ಅಹಮದಾಬಾದಿನ 76 ಕಿಲೋಮೀಟರಿನ ರಿಂಗ್ ರಸ್ತೆಗೆ ಜಾಗ ಸಿಕ್ಕಿದ್ದರಲ್ಲಿ ಈ ಪದ್ಧತಿಯ ಪಾಲು ದೊಡ್ಡದು. ಆದರೆ ಇದು ಮನೆ ಏಳುವ ಮುಂಚೆ ಮಾಡಬೇಕಾದ ಕೆಲಸ. ಕಟ್ಟಿದ ಮೇಲೆ ಯಾರ ಮನೆ ಕಲಸುತ್ತೀರಿ?

ಕಟ್ಟಿಯಾದ ಊರಿಗೆ ಏನು ಮಾಡಬೇಕು ಅಂತ ಯೋಚಿಸಿದವರು ಪ್ಯಾಟ್ರಿಕ್ ಗೆಡ್ಡೆಸ್. ಸ್ಕಾಟ್ಲೆಂಡಿನ ಜೀವವಿಜ್ಞಾನಿ, 1914ರಲ್ಲಿ ಭಾರತಕ್ಕೆ ಬಂದರು. ಆಗಿನ ಎಂಜಿನಿಯರುಗಳಿಗೆ ಇಕ್ಕಟ್ಟು ಕಂಡಲ್ಲೆಲ್ಲ ಅಗಲ ರಸ್ತೆ ಹೊಡೆಯುವ ಚಪಲ. ಸಾಲುಸಾಲು ಮನೆ ಬೀಳುತ್ತಿದ್ದವು. ಗೆಡ್ಡೆಸ್ ಗಲ್ಲಿ ಗಲ್ಲಿ ನಡೆದರು. ಎಲ್ಲಿ ಬಾವಿ ಇದೆ, ಎಲ್ಲಿ ಅರಳಿಮರ ಇದೆ, ಯಾವ ಮನೆ ಬಿದ್ದೇ ಹೋಗಿದೆ ಅಂತ ಗುರುತು ಹಾಕಿಕೊಂಡರು. ಬಿದ್ದುಹೋದ ನಾಲ್ಕು ಮನೆ ತೆಗೆಯಿರಿ, ಅಲ್ಲೊಂದು ಅಂಗಳ ಬಿಡಿ, ಮುಚ್ಚಿದ ಗಲ್ಲಿಯನ್ನು ಪಕ್ಕದ ಗಲ್ಲಿಗೆ ಸೇರಿಸಿ, ಉಳಿದದ್ದನ್ನು ಮುಟ್ಟಬೇಡಿ ಅನ್ನುವುದು ಅವರ ದಾರಿ. ದೊಡ್ಡ ಆಪರೇಷನ್ ಬದಲು ಚಿಕ್ಕ ಹೊಲಿಗೆ. ಮರದ ಆಕಾರಕ್ಕೆ ಇದನ್ನು ಅನ್ವಯಿಸಿದರೆ ಉತ್ತರ ಪುಟ್ಟದು: ಎರಡು ಎಲೆಗಳ ನಡುವೆ ಒಂದು ಸಣ್ಣ ಬಾಗಿಲು. ಕಾರಿಗಲ್ಲ, ನಡೆಯುವವರಿಗೆ.

ಚಿಕ್ಕಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಅದನ್ನೇ ಕೇಳಿದರು. ಗೋಡೆಗೆ ಒಂದು ವಿಕೆಟ್ ಗೇಟು, ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ. ಮನೆಗೆಲಸಕ್ಕೆ ಬರುವವರೂ ಆ ಕಡೆಯಿಂದಲೇ ಬರುತ್ತಾರೆ, ದಿನಾ ಸುತ್ತು ಹಾಕಿಕೊಂಡು. ಸೆಕ್ಯುರಿಟಿ ಯಾರು ಕೊಡುತ್ತಾರೆ ಅಂತ ಒಬ್ಬರು ಕೇಳಿದರು. ಆ ಕಡೆಯವರು ನಮ್ಮ ಪಾರ್ಕಿಗೆ ಬಂದರೆ ಅಂತ ಇನ್ನೊಬ್ಬರು. ವಿಷಯ ಮುಂದಿನ ಮೀಟಿಂಗಿಗೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ.

ಗೋಡೆಯ ಒಂದು ಕಡೆ ಮಾತ್ರ ಎರಡಡಿ ಅಗಲ ಕಬ್ಬಿಣದ ಗ್ರಿಲ್ ಇದೆ, ಮಳೆನೀರು ಹರಿಯಲಿ ಅಂತ ಬಿಟ್ಟಿದ್ದು. ಬೆಳಿಗ್ಗೆ 7ಕ್ಕೆ ಸೊಪ್ಪಿನಮ್ಮ ಆ ಕಡೆ ಬುಟ್ಟಿ ಇಳಿಸುತ್ತಾರೆ. ಚಿಕ್ಕಮ್ಮ ಈ ಕಡೆ ಬಗ್ಗಿ ಕೂರುತ್ತಾರೆ. ಕೊತ್ತಂಬರಿ, ಮೆಂತ್ಯದ ಕಟ್ಟು ಗ್ರಿಲ್ಲಿನ ಸಂದಿಯಲ್ಲಿ ತೂರುತ್ತದೆ. ದಂಟಿನ ಸೊಪ್ಪಾದರೆ ಗೋಡೆಯ ಮೇಲಿಂದ ಎಸೆಯಬೇಕು, ಚಿಕ್ಕಮ್ಮ ಸೆರಗು ಒಡ್ಡುತ್ತಾರೆ.